ಭಾರವಿಲ್ಲದ ಶಿಲುಬೆ

ಈ ಸಲದ ಶುಭ ಶುಕ್ರವಾರ ನಾನು ಶಿಲುಬೆ ಹೊತ್ತೆ. ಪಿವಿಸಿ ಪೈಪಿನದು.

ನಗಬೇಡಿ. (ನಕ್ಕರೂ ಪರವಾಗಿಲ್ಲ, ನಮ್ಮ ಮನೆಯಲ್ಲಿ ಆಗಲೇ ನಕ್ಕಾಗಿದೆ.) ನಾನು ಹೋಗಿದ್ದು ನೋಡೋದಕ್ಕೆ, ಹೊರೋದಕ್ಕಲ್ಲ. ಹಾಸನದಿಂದ ಶೆಟ್ಟಿಹಳ್ಳಿ ಕಡೆ ಹೋಗುವಾಗ, ಹೇಮಾವತಿ ಹಿನ್ನೀರಿಗೆ ಹತ್ತಿರದಲ್ಲಿ, ಕ್ರೈಸ್ತ ರೈತರೇ ಹೆಚ್ಚಾಗಿರುವ ಪುಟ್ಟ ಊರೊಂದಿದೆ. ಆ ದಿನ ಮಧ್ಯಾಹ್ನ ಅಲ್ಲಿ ‘ಶಿಲುಬೆ ಹಾದಿ’. ಯೇಸುವನ್ನು ಕೊಲ್ಲಲು ಕರೆದೊಯ್ದ ದಾರಿಯನ್ನು ನೆನೆಯುತ್ತಾ, ದೊಡ್ಡ ಶಿಲುಬೆಯೊಂದನ್ನು ಹೊತ್ತು ಊರು ಸುತ್ತುತ್ತಾರೆ. ಹದಿನಾಲ್ಕು ಕಡೆ ನಿಂತು ಪ್ರಾರ್ಥನೆ ಮಾಡುತ್ತಾರೆ. ನಿಂತಲ್ಲೆಲ್ಲ ಹೆಗಲು ಬದಲಾಗುತ್ತದೆ.

ನೀರಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಬಗ್ಗೆ ಇದೇ ಅಂಕಣದಲ್ಲಿ ಎರಡು ಸಲ ಬರೆದಿದ್ದೇನೆ. ಅದರ ಮುಂದೆ ಸೆಲ್ಫಿ ತೆಗೆದುಕೊಂಡಿದ್ದಕ್ಕೆ ಲೆಕ್ಕವೇ ಇಲ್ಲ. ಹಾಗಾಗಿ ಈ ಜನ, ಇವರ ಕ್ರಿಸ್ತ, ಎಲ್ಲ ತಕ್ಕಮಟ್ಟಿಗೆ ಗೊತ್ತು ಅನ್ನುವ ಜಂಬ ನನಗಿತ್ತು.

ಶಿಲುಬೆ ಮಾಡಿದವನು ಊರಿನ ಪ್ಲಂಬರ್ ವಿನ್ಸೆಂಟ್. ದಪ್ಪ ಪೈಪುಗಳಿಗೆ ಮರದ ಬಣ್ಣದ ಸ್ಟಿಕ್ಕರ್ ಸುತ್ತಿದ್ದ. ದೂರದಿಂದ ನೋಡಿದರೆ ತೇಗವೇ. “ಹಳೇ ಮರದ್ದು ಯಾರ ಕೈಲೂ ಎತ್ತಕ್ಕಾಗಲ್ಲ ಸಾರ್. ಇದು ಈಜಿ. ಬನ್ನಿ, ನೀವೂ ಒಂದ್ ಕಡೆ ಹೊರಿ” ಅಂದ. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಹೊತ್ತೆ. ಗಾಳಿ ಬಂದಾಗ ಅದೇ ನನ್ನನ್ನು ಎತ್ತಿಕೊಂಡು ಹೋಗುವ ಹಾಗಿತ್ತು. ಆದರೂ ಸಂದರ್ಭಕ್ಕೆ ತಕ್ಕಂತೆ ಬೆನ್ನು ಬಗ್ಗಿಸಿ, ಮುಖ ಕಿವುಚಿಕೊಂಡು ನಡೆದೆ.

“ಯಾಕ್ ಸಾ ಅಷ್ಟೊಂದ್ ಬಗ್ತೀರಾ? ಭಾರವೇ ಇಲ್ವಲ್ಲ.”

ತಿರುಗಿ ನೋಡಿದರೆ ಲಿಲ್ಲಿಯಮ್ಮ. ಬಡಗಿ ಆರೋಗ್ಯಪ್ಪನವರ ಹೆಂಡತಿ. ನಮ್ಮ ಮನೆಯ ಮುಂಬಾಗಿಲು ಆರೋಗ್ಯಪ್ಪನವರದೇ ಕೈಕೆಲಸ. ಒಂದೂವರೆ ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಸುದ್ದಿ ಗೊತ್ತಾದ ದಿನವೇ ನಾನು ವಾಟ್ಸಾಪಿನಲ್ಲಿ ‘ಬೇಗ ಗುಣಮುಖರಾಗಿ’ ಅಂತ ಕಳಿಸಿದ್ದೆ. ಹೋಗಿ ನೋಡಬೇಕು ಅಂದುಕೊಂಡೆ. ಅಂದುಕೊಳ್ಳುತ್ತಲೇ ಇದ್ದೆ.

“ಹೇಗಿದಾರೆ?” ಅಂತ ಮೆಲ್ಲಗೆ ಕೇಳಿದೆ.

“ಗ್ವಾಡೆ ಕಡೀಕ್ ಮಖ ಮಾಡ್ಕಂಡ್ ಮನೀಕಂಡವ್ರೆ. ದೊಣ್ಣೆ ಇಡ್ಕಂಡು ನಡೀಬೋದು, ನಡೀದಿದ್ರೆ ಕಾಲೂ ಓಯ್ತದೆ ಅಂತ ಡಾಕ್ಟ್ರು ಯೋಳವ್ರೆ. ಎದ್ರೆ ತಾನೇ? ಕೈಯಿಲ್ದಿರೋ ಬಡಗಿ ಈಚೆಗ್ ಬಂದು ಯಾರ್ಗ್ ಮಖ ತೋರ್ಸ್ಲಿ ಅಂತಾರೆ. ಒಸ್ಲು ದಾಟಿ ಆರ್ ತಿಂಗ್ಳಾಯ್ತು.”

ಅಷ್ಟು ಹೇಳಿದವರೇ, ಮುಂದೆ ಪ್ರಾರ್ಥನೆ ಹೇಳಿಸುತ್ತಿದ್ದ ಫಾದರ್ ಹತ್ತಿರ ಹೋದರು. “ಮುಂದ್ಲ್ ಸ್ಥಳ ನಮ್ಮನೆ ಮುಂದೇ ಅಲ್ವಾ ಫಾದರ್? ನಮ್ಮೋರು ಮಾಡಿದ್ ಶಿಲುಬೆ ಕೊಟ್ಗೇಲದೆ. ಅಲ್ಲಿಂದಾಚೆಗೆ ಅದ್ನೇ ಒರ್ಲಿ.”

ಅಣೆಕಟ್ಟಿನ ನೀರಿನಲ್ಲಿ ಹಳೇ ಊರು ಮುಳುಗುವ ಮುಂಚೆ ಆರೋಗ್ಯಪ್ಪನವರ ಅಪ್ಪ ಹಳೇ ಮನೆಯಿಂದ ಬಿಚ್ಚಿ ತಂದಿದ್ದ ಹೊನ್ನೆ ತೊಲೆಯಲ್ಲಿ ಮಾಡಿದ್ದಂತೆ ಆ ಶಿಲುಬೆ. ವಿನ್ಸೆಂಟ್ ಗೊಣಗಿದ. ಬಿಸಿಲು, ವಯಸ್ಸಾದವರು, ಯಾರ ಸೊಂಟವಾದರೂ ಹಿಡಿದುಕೊಂಡರೆ? ಫಾದರ್ ಲಿಲ್ಲಿಯಮ್ಮನ ಮುಖವನ್ನೊಮ್ಮೆ ನೋಡಿ, “ತನ್ನಿ” ಅಂದರು.

ಅವರ ಮನೆ ಮುಂದೆ ಪೈಪಿನ ಶಿಲುಬೆ ಬೇಲಿಗೆ ಒರಗಿತು. ಕೊಟ್ಟಿಗೆಯ ಹುಲ್ಲಿನ ಕೆಳಗಿಂದ ಮರದ್ದು ಹೊರಬಂತು. ಎತ್ತಲು ನಾಲ್ವರು ಬೇಕಾಯಿತು, ನಾಲ್ವರಲ್ಲಿ ನಾನೊಬ್ಬ. ಹೆಗಲಿಗೇರಿಸಿ ಹೊರಟೆವು. ಹತ್ತು ಹೆಜ್ಜೆಗೆ ಉಸಿರು ಬಾಯಿಗೆ ಬಂತು. ಈ ಸಲ ಬಗ್ಗಿದ್ದು ನಾನಲ್ಲ, ಅದೇ ಬಗ್ಗಿಸಿತು. ಕಾಲು ತೊಡರಿ ಮುಗ್ಗರಿಸಿದೆ. ಶಿಲುಬೆಯ ಒಂದು ತುದಿ ನೆಲಕ್ಕೆ ಬಡಿಯಿತು.

“ಅಂಗಲ್ಲ ಕಣ್ರಲಾ!”

ಎಲ್ಲರೂ ತಿರುಗಿದೆವು. ಆರೋಗ್ಯಪ್ಪ ಎಡಗೈಯಲ್ಲಿ ಬಾಗಿಲುವಾಡ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು. ಬನಿಯನ್, ಲುಂಗಿ, ವಾರದ ಗಡ್ಡ. ಕೋಪದಲ್ಲಿ ಬಾಯಿ ಇನ್ನಷ್ಟು ಸೊಟ್ಟಗಾಗಿತ್ತು.

“ಅಡ್ಡಪಟ್ಟಿ ಕತ್ತಿನ್ ಮ್ಯಾಲ್ ಕೂರುಸ್ಕಂಡ್ರೆ ಬೀಳ್ದೆ ಇನ್ನೇನ್ ಆಯ್ತದೆ? ಎರಡ್ ಮರ ಸೇರೋ ಸಂದು ಭುಜುದ್ ಮ್ಯಾಲ್ ಬರ್ಬೇಕು. ಯಾವಾನ್ಲಾ ನಿಮ್ಗ್ ಒರಕ್ಕೆ ಯೋಳ್ಕೊಟ್ಟೋನು?”

ಬೈಯುತ್ತಲೇ ಹೊಸ್ತಿಲು ದಾಟಿದರು. ದಾಟಿದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ಲಿಲ್ಲಿಯಮ್ಮ ಹಿಡಿಯಲು ಹೋಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು. ಆರೋಗ್ಯಪ್ಪ ಕಾಲೆಳೆಯುತ್ತಾ ಬಂದು, ನನ್ನ ಹೆಗಲ ಮೇಲಿನ ಮರವನ್ನು ಎಡಗೈಯಲ್ಲಿ ಸರಿಮಾಡಿ, ಕೈಯನ್ನು ಅಲ್ಲೇ ಇಟ್ಟುಕೊಂಡರು. ಮುಂದಿನ ನಿಲುಗಡೆಯವರೆಗೆ ನಾವು ಒಟ್ಟಿಗೆ ನಡೆದೆವು. ಅಲ್ಲಿ ಯಾರದೋ ಮನೆಯ ಜಗಲಿಯ ಮೇಲೆ ಕೂತು ಅವರು ಅತ್ತರು. ನನಗೂ ತಡೆಯಲಾಗಲಿಲ್ಲ.

ಈಸ್ಟರ್ ದಿನ ಹೆಂಡತಿಯನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಒತ್ತುಶ್ಯಾವಿಗೆ, ನಾಟಿಕೋಳಿ ಸಾರು. ಅವತ್ತು ಬೆಳಿಗ್ಗೆ ಆರೋಗ್ಯಪ್ಪ ಚರ್ಚಿನ ಬಾಗಿಲವರೆಗೆ ನಡೆದುಕೊಂಡೇ ಹೋಗಿದ್ದರಂತೆ. ಒಳಗೆ ಹೋಗುವ ಮೊದಲು ಪೈಪಿನ ವಿಷಯಕ್ಕೆ ವಿನ್ಸೆಂಟ್ ಜೊತೆ ಜಗಳವನ್ನೂ ಆಡಿದರಂತೆ. ಕೈ ಸರಿಹೋಗಿಲ್ಲ. ಹೋಗುವ ಹಾಗೂ ಕಾಣಲಿಲ್ಲ.

ಬಡಿಸುತ್ತಿದ್ದ ಲಿಲ್ಲಿಯಮ್ಮನನ್ನು ಕೇಳಿದೆ. (ನನ್ನ ಕುತೂಹಲಕ್ಕೆ ಊಟದ ಹೊತ್ತು ಅಂತೇನೂ ಇಲ್ಲ.) “ಯೇಸುಸ್ವಾಮಿ ಸತ್ತು ಮೂರನೇ ದಿನ ಎದ್ದು ಬಂದದ್ದನ್ನ ನಿಜವಾಗಲೂ ನಂಬ್ತೀರಾ?”

ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. “ಸಣ್ಣೋಳಿದ್ದಾಗ ಫಾದರ್ ಯೋಳಿದ್ರು, ನಂಬಿದ್ದೆ. ಅಷ್ಟೇಯ. ಇವ್ರು ಬಿದ್ ಮ್ಯಾಲೆ ದಿನಾ ಎತ್ತಿ ಕೂರುಸ್ತೀನಲ್ಲ ಸಾ, ಅವಾಗ್ ಗೊತ್ತಾಯ್ತು, ಬಿದ್ದೋರು ಎಷ್ಟ್ ಭಾರ ಇರ್ತಾರೆ ಅಂತ. ಯೇಸುಸ್ವಾಮಿ ಶಿಲುಬೆ ಒತ್ಕಂಡ್ ಆದೀಲಿ ಬಿದ್ರಲ್ಲ, ಅದ್ ನನ್ ಸೊಂಟುಕ್ ಗೊತ್ತಾಯ್ತು. ಎದ್ದಿದ್ದು ಮೊನ್ನೆ ಗೊತ್ತಾಯ್ತು, ಒಸ್ಲಲ್ಲಿ.”

ನಾನು ಶ್ಯಾವಿಗೆ ಕಲೆಸುತ್ತಾ ಕೂತೆ. ದೇವರನ್ನು ತಿಳಿಯೋದು ಅಂದರೆ ಪುಸ್ತಕ ಓದೋದು, ಪ್ರವಚನ ಕೇಳೋದು ಅಂದುಕೊಂಡಿದ್ದವನು ನಾನು. ಸೊಂಟಕ್ಕೂ ತಿಳಿಯುತ್ತದಾ? ಹಾಗಾದರೆ ಪಾಳು ಚರ್ಚಿನ ಮುಂದೆ ನಿಂತು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದಾದರೂ ಏನು? ಗೊತ್ತಿಲ್ಲ. ನನ್ನದು ಇನ್ನೂ ಒಂದು ನಿಲುಗಡೆಯ ತಿಳಿವಳಿಕೆ.

ಹೊರಡುವಾಗ ಆರೋಗ್ಯಪ್ಪ ಕರೆದರು. “ಭುಜ ಎಂಗದೆ ಸಾ?”

ಕಪ್ಪಗಾಗಿತ್ತು. ಮುಲಾಮು ಹಚ್ಚುತ್ತಾ ನನ್ನ ಹೆಂಡತಿ ಎರಡು ದಿನ ಬೈದಿದ್ದಳು. “ಪರವಾಗಿಲ್ಲ” ಅಂದೆ. ಒಂದೂವರೆ ವರ್ಷದಿಂದ ಅವರನ್ನು ನಾನು ಕೇಳಬೇಕಿದ್ದ ಪ್ರಶ್ನೆ ಅದು. ನಾಚಿಕೆಯಾಯಿತು.

ಕಾರಿನಲ್ಲಿ ಕೂತು ಮೊಬೈಲ್ ತೆಗೆದೆ. ಆವತ್ತು ಅವರಿಗೆ ಕಳಿಸಿದ್ದ ಮೆಸೇಜ್ ಹುಡುಕಿದೆ. ‘ಬೇಗ ಗುಣಮುಖರಾಗಿ’. ಪಕ್ಕದಲ್ಲಿ ಮೂರು ಕೈಮುಗಿದ ಎಮೋಜಿ.

ಭಾರವೇ ಇಲ್ಲದೆ ಅಷ್ಟೊಂದು ಯಾಕೆ ಬಗ್ಗಿದ್ದೆ?