ಮೈಕ್ ಕೊಟ್ಟ ಸಿನಿಮಾ ಅಂಕಲ್

ಸಿನಿಮಾ ಅಂಕಲ್ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳಷ್ಟು ತಗ್ಗಾಗಿತ್ತು. ಪ್ರೊಜೆಕ್ಟರ್ ಮತ್ತು ರೀಲಿನ ತಗಡಿನ ಡಬ್ಬಗಳನ್ನು ಹೊತ್ತೂ ಹೊತ್ತೂ ಹಾಗಾಗಿದೆ ಎಂದು ಅವರ ಹೆಂಡತಿ, ನಮ್ಮ ಆಂಟಿ, ದೂರುತ್ತಿದ್ದರು. ಅಂಕಲ್ ಅದನ್ನೇ ಪದಕದಂತೆ ತೋರಿಸಿಕೊಂಡು ತಿರುಗುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಅವರು ನಮ್ಮ ಪಕ್ಕದ ಅಪಾರ್ಟ್‌ಮೆಂಟಿನವರು. ಧಾರವಾಡದ ಕಡೆಯವರು, ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಭಾನುವಾರ ಬಂತೆಂದರೆ ಗೋಡೆಗೆ ಬೆಡ್‌ಶೀಟ್ ಕಟ್ಟಿ ಜಪಾನಿ, ಬಂಗಾಳಿ, ಇರಾನಿ, ಯಾವ ಸಿನಿಮಾ ಸಿಕ್ಕಿದರೂ ತೋರಿಸುತ್ತಿದ್ದರು. ನಡುವೆ ಯಾರಾದರೂ ಎದ್ದರೆ ರೀಲು ನಿಲ್ಲಿಸಿ, ಅವರು ಬಾತ್‌ರೂಮಿನಿಂದ ಬರುವವರೆಗೆ ಎಲ್ಲರನ್ನೂ ಕಾಯಿಸುತ್ತಿದ್ದರು. “ಛಲೋ ಸಿನಿಮಾ ತಾನಾಗಿ ಮನೀಗೆ ಬರಂಗಿಲ್ಲ, ನಾವ ಹುಡುಕ್ಕೊಂಡು ಹೋಗಬೇಕು” ಎನ್ನುತ್ತಿದ್ದರು. ಒಂದು ಸಿನಿಮಾದ ಪ್ರಿಂಟಿಗಾಗಿ ಹಿಮದಲ್ಲಿ ಬಾಸ್ಟನ್‌ವರೆಗೆ ಡ್ರೈವ್ ಮಾಡಿದ ಪುಣ್ಯಾತ್ಮ.

ನಾನಾಗ ಮೈಸೂರಿನಿಂದ ಹೊಸದಾಗಿ ಬಂದವಳು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದರೂ ಪರರ ಮುಂದೆ ನಾಲಿಗೆ ಏಳುತ್ತಿರಲಿಲ್ಲ. ಅಂಗಡಿಯಲ್ಲಿ ಹಾಲು ಎಲ್ಲಿದೆ ಎಂದು ಕೇಳುವುದಕ್ಕೂ ಗಂಡನನ್ನೇ ಮುಂದೆ ತಳ್ಳುತ್ತಿದ್ದೆ.

ಒಂದು ವರ್ಷ ಹತ್ತಿರದ ಕಾಲೇಜಿನಲ್ಲಿ ಏಷ್ಯಾದ ಸಿನಿಮಾಗಳ ಸ್ಪರ್ಧೆ ನಡೆಯಿತು. ಅಂಕಲ್ ಎಲ್ಲೆಲ್ಲಿಗೋ ಪತ್ರ ಬರೆದು ಒಂದು ಕನ್ನಡ ಚಿತ್ರ ತರಿಸಿದರು. ಒಂದು ಬಾವಿಗಾಗಿ ಇಬ್ಬರು ವಾರಗಿತ್ತಿಯರು ಕಚ್ಚಾಡುವ ಕಥೆ. ಪ್ರದರ್ಶನದ ಹಿಂದಿನ ದಿನ ಓಡಿಸಿ ನೋಡಿದರೆ ಇಂಗ್ಲಿಷ್ ಸಬ್‌ಟೈಟಲೇ ಇಲ್ಲ! ತೀರ್ಪುಗಾರರಿಗೆ ಒಂದು ಮಾತೂ ತಿಳಿಯದಿದ್ದರೆ ಬಹುಮಾನ ಎಲ್ಲಿಂದ ಬರಬೇಕು? ಅಂಕಲ್ ನಮ್ಮ ಮನೆಗೆ ಬಂದವರೇ ನನ್ನ ಗಂಡನನ್ನು ದಾಟಿ ನನ್ನೆದುರು ನಿಂತರು.

“ನಾಳೆ ಮೈಕ್ ನೀ ಹಿಡೀಬೇಕು. ಸಿನಿಮಾದಾಗ ಅವ್ರು ಅಂದದ್ದನ್ನ ಇಂಗ್ಲಿಷ್‌ನ್ಯಾಗ ಹೇಳಬೇಕು.”

“ಅಯ್ಯೋ, ನನ್ನ ಕೈಲಾಗಲ್ಲ ಅಂಕಲ್. ಇವರನ್ನ ಕೇಳಿ.”

“ಅವಗ ಬಾವಿಕಟ್ಟಿ ಜಗಳ ಏನ್ ತಿಳೀತದವಾ? ನೀನ ಬೇಕು.”

ಮರುದಿನ ತೆರೆಯ ಪಕ್ಕ ಮೈಕ್ ಹಿಡಿದು ನಿಂತೆ. ವಾರಗಿತ್ತಿಗೆ ಇಂಗ್ಲಿಷಿನಲ್ಲಿ ಏನೆನ್ನುವುದು? ‘ಗಂಡನ ತಮ್ಮನ ಹೆಂಡತಿ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವಳು ನೀರು ಸೇದಿ ಮನೆ ಸೇರಿರುತ್ತಿದ್ದಳು. ಕೊನೆಗೆ ‘ದೊಡ್ಡವಳು’, ‘ಚಿಕ್ಕವಳು’ ಎಂದು ಶುರುಮಾಡಿದೆ. ಹೇಗೋ ಗಾಡಿ ಓಡಿತು. ಆದರೆ ಚಿಕ್ಕವಳು ಹಗ್ಗ ಹಿಡಿದು ಬಾವಿಗಿಳಿದಿರುವಾಗ ದೊಡ್ಡವಳು ಆ ಹಗ್ಗಕ್ಕೇ ಕುಡುಗೋಲು ಎತ್ತಿದಳಲ್ಲ, ಆಗ ನನಗೆ ಕಾಲೇಜೂ ನೆನಪಿಲ್ಲ, ತೀರ್ಪುಗಾರರೂ ನೆನಪಿಲ್ಲ. ನಮ್ಮೂರ ಟೆಂಟ್ ಸಿನಿಮಾದಲ್ಲಿ ಕೂತ ಹೆಂಗಸರ ಹಾಗೆ, “ಬೇಡ ಕಣೇ! ನಿನ್ನ ದಮ್ಮಯ್ಯ, ಬೇಡ!” ಎಂದು ಮೈಕಿನಲ್ಲಿ ಕನ್ನಡದಲ್ಲೇ ಕೂಗಿಬಿಟ್ಟೆ.

ದೀಪ ಹತ್ತಿದಾಗ ನನಗೆ ಅಳುವೇ ಬಂತು. ಅಂಕಲ್ ಅಷ್ಟು ಒದ್ದಾಡಿ ತಂದದ್ದನ್ನು ಕೆಡಿಸಿದೆ ಎಂದುಕೊಂಡೆ. ಸಂಜೆ ತೀರ್ಪುಗಾರರಲ್ಲಿ ಹಿರಿಯರಾದ ಅಮೆರಿಕನ್ ಪ್ರೊಫೆಸರಮ್ಮ ಎರಡನೆಯ ಬಹುಮಾನ ನಮ್ಮ ಚಿತ್ರಕ್ಕೆ ಎಂದು ಸಾರಿದರು. ಆ ಕೂಗಿಗೆ ಯಾರಿಗೂ ಅನುವಾದ ಬೇಕಾಗಲಿಲ್ಲ ಎಂದೂ ಸೇರಿಸಿದರು. ಅಂಕಲ್ ಸಭೆಯ ನಡುವೆಯೇ ಎದ್ದು ಶಿಳ್ಳೆ ಹೊಡೆದರು. ಆಂಟಿ ಕೋಟು ಜಗ್ಗಿ ಕೂರಿಸಬೇಕಾಯಿತು.

ಆಮೇಲೆ ನಾನು ಸಿನಿಮಾಗಳಿಗೆ ಸಬ್‌ಟೈಟಲ್ ಬರೆದೆ, ತರಗತಿಗಳಲ್ಲಿ ಪಾಠ ಹೇಳಿದೆ. ಅಂಕಲ್ ಅಂದು ನನ್ನ ಗಂಡನನ್ನು ದಾಟಿ ಬರದಿದ್ದರೆ ಇದ್ಯಾವುದೂ ಇಲ್ಲ. ವರ್ಷಗಳ ನಂತರ ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನೋವಿನ ಔಷಧ ಬೇಗ ಕೊಡಿ ಎಂದು ನಾನು ಬಾಗಿಲಲ್ಲಿ ಡಾಕ್ಟರರೊಡನೆ ಗಟ್ಟಿ ದನಿಯಲ್ಲಿ ವಾದಿಸುತ್ತಿದ್ದೆ. ಅಂಕಲ್ ಕಣ್ಣು ಮುಚ್ಚಿಕೊಂಡೇ ಆಂಟಿಗೆ ಹೇಳಿದರು:

“ಕೇಳ್ದೇನ? ಮೊದಲನೇ ಬಹುಮಾನ ಈಕಿಗೇ ಕೊಡಬೇಕಿತ್ತು.”