ಹುಕ್ಕೇರಿಯಿಂದ ಬಂದ ಬೋರ್ಡು

ಹುಕ್ಕೇರಿಯ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದ ಬೋರ್ಡನ್ನು ಗುಜರಿಗೆಂದು ಕೊಂಡುತಂದು, ಗೋಕಾಕದ ನನ್ನ ಅಂಗಡಿಯ ಮುಂದೆ ಅದರ ತಾಮ್ರ ಬಿಡಿಸುತ್ತಿದ್ದೆ. ದಾರಿಯಲ್ಲಿ ಹೊರಟಿದ್ದ ವಯಸ್ಸಾದ ಹೆಂಗಸೊಬ್ಬರು ನಿಂತು, ಎಲ್ಲಿಯದೆಂದು ಕೇಳಿದರು. ಹೇಳಿದೆ.

"ಇದರ ಮುಂದ ನಮ್ಮ ಮನಿಯವರು ಕೂಡ್ತಿದ್ರು. ನಾ ಇಲ್ಲೇ ಗೋಕಾಕದಾಗ ಆಪರೇಟರ್ ಇದ್ದೆ. ಮಾರಿ ನೋಡೂಕಿಂತ ಮೊದಲ ಎರಡು ವರ್ಷ ಬರೇ ಅವರ ದನಿ ಕೇಳೀನಿ," ಅಂದರು.

ಬೋರ್ಡಿಗೆ ಜೋತುಬಿದ್ದಿದ್ದ ಹೆಡ್‌ಫೋನು ಕೊಟ್ಟೆ. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಸೆರಗು ಸರಿಸಿ ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ರಸ್ತೆಯ ಸದ್ದೆಲ್ಲ ಎಲ್ಲೋ ದೂರ ಸರಿದಂತಾಯಿತು.

"ಏನರ ಕೇಳಸ್ತೈತೇನ್ರಿ, ಅವ್ವಾರ?"

"ಸ್ವಲ್ಪ ಸುಮ್ಮನಿರು, ತಮ್ಮಾ."

ಸುತ್ತಿಗೆ ಕೆಳಗಿಟ್ಟು ಅವರ ಬಾಜೂ ಕೂತೆ. ಎಷ್ಟೋ ಹೊತ್ತಾದ ಮೇಲೆ ಅವರು ಹೆಡ್‌ಫೋನು ತೆಗೆದು ವಾಪಸು ಕೊಡಲು ನನ್ನತ್ತ ಹಿಡಿದರು. ನಾನು ಕೈ ಚಾಚಲಿಲ್ಲ.