ಒಳಲೆಯಲ್ಲಿ ಕೊಟ್ಟ ಎಣ್ಣೆ

ಕೊರೊನಾ ಕಳೆದ ಮರುವರ್ಷ ನಾನು ತಿಪಟೂರು ತಾಲೂಕಿನಲ್ಲಿ, ನೊಣವಿನಕೆರೆ ಕಡೆಯ ಒಂದು ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರವಿತ್ತು, ಮಂಡಿನೋವು ಅದಕ್ಕಿಂತ ಹತ್ತಿರವಿತ್ತು. ಕೆಲಸವೆಲ್ಲ ಹಸು, ಎಮ್ಮೆ, ಕುರಿ, ಮೇಕೆಗಳದ್ದು. ಬೆಕ್ಕು ಎಂದರೆ ನನಗೆ ಅಷ್ಟಕ್ಕಷ್ಟೆ. ಹಸು ಒದೆಯುವ ಮುಂಚೆ ಒಂದು ಸೂಚನೆಯಾದರೂ ಕೊಡುತ್ತದೆ. ಬೆಕ್ಕಿಗೆ ಆ ಸೌಜನ್ಯವಿಲ್ಲ. ಆದರೂ ಇಡೀ ಸರ್ವೀಸಿನಲ್ಲಿ ಇವತ್ತಿಗೂ ನನ್ನ ಮನಸ್ಸು ಕೆಡಿಸುವ ಕೇಸು ಯಾವುದು ಎಂದು ಕೇಳಿದರೆ, ಅದು ಒಂದು ಬೆಕ್ಕಿನದು.

ನಮ್ಮ ಸೀಮೆಯಲ್ಲಿ ಬೆಕ್ಕು ಮುದ್ದಿಗೆ ಸಾಕುವ ಪ್ರಾಣಿಯಲ್ಲ, ಅಟ್ಟ ಕಾಯುವ ಆಳು. ತೋಟದಿಂದ ತಂದ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದಂತೆ ಸದ್ದಾಗಬೇಕು. ಆಗ ಅದು ಉಂಡೆ ಕೊಬ್ಬರಿ. ಅಷ್ಟರೊಳಗೆ ಇಲಿ ಒಂದು ತೂತು ಕೊರೆದರೆ ಆ ಕಾಯಿಯ ಕಥೆ ಮುಗಿದಂತೆ. ಹಾಗಾಗಿ ಅಟ್ಟವಿರುವ ಮನೆಯಲ್ಲಿ ಬೆಕ್ಕು ಇರಬೇಕು, ಇಲ್ಲವೇ ಇಲಿ ಪಾಷಾಣ ಇಡಬೇಕು.

ಒಂದು ಬೆಳಿಗ್ಗೆ ಸರೋಜಮ್ಮ ಎಂಬಾಕೆ ಬಿದಿರಿನ ಮಂಕರಿಗೆ ಹಳೆಯ ಸೀರೆ ಬಿಗಿದುಕೊಂಡು ಬಂದರು. ಅವರ ಗಂಡ ಬಸವರಾಜು ಬೈಕಿನ ಕೀಲಿ ತಿರುಗಿಸುತ್ತ ಬಾಗಿಲ ಹೊರಗೇ ನಿಂತರು. ಮಂಕರಿಯಲ್ಲಿ ಬೂದು ಬಣ್ಣದ ಒಂದು ತಾಯಿ ಬೆಕ್ಕು, ಜೊತೆಗೆ ಅದರ ಮರಿ. ತುರುವೇಕೆರೆಯ ನೆಂಟರ ಮನೆಯಿಂದ ಹಿಂದಿನ ವಾರವಷ್ಟೇ ತಂದದ್ದಂತೆ. ತಾಯಿಗೆ ಸೀನು ನಿಂತಿರಲಿಲ್ಲ, ಮೂಗು ಕಟ್ಟಿತ್ತು, ಕಣ್ಣು ಅಂಟಿಕೊಂಡಿತ್ತು, ಬಾಲದ ಕೆಳಗೆಲ್ಲ ಭೇದಿಯ ಕಲೆ. ಮರಿ ಆಗೊಮ್ಮೆ ಈಗೊಮ್ಮೆ ಸೀನುತ್ತಿತ್ತು ಅಷ್ಟೆ.

"ಹಿಂದಿನ್ ಬೆಕ್ಕನ್ನ ಇವ್ರು ಕೊಂದ್ರು ಕಣ್ರೀ," ಎಂದರು ಸರೋಜಮ್ಮ, ಗಂಡನಿಗೆ ಕೇಳಿಸಲೆಂದೇ. "ಬ್ಯಾಡ ಬ್ಯಾಡ ಅಂದ್ರೂ ಅಟ್ಟದ್ಮೇಲೆ ಪಾಷಾಣ ಇಟ್ರು. ಪಾಷಾಣ ತಿಂದ ಇಲೀನ ಅದು ತಿಂತು. ಹಿತ್ಲಲ್ಲಿ ರಕ್ತ ಕಾರ್ಕೊಂಡು ಸತ್ತೋಯ್ತು. ಇದುನ್ನ ಮಾತ್ರ ನಾನು ಉಳಿಸ್ಕೊಂಡೇ ಉಳಿಸ್ಕೋತೀನಿ."

ಈ ಮಾತು ಬಸವರಾಜುಗೆ ಹೊಸದಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ತಿಂಗಳುಗಟ್ಟಲೆ ಅದನ್ನೇ ಊಟದ ಜೊತೆ ನುಂಗುತ್ತಿದ್ದಿರಬೇಕು.

ಬೆಕ್ಕಿಗೆ ಇದ್ದದ್ದು ನಾವು 'ಕ್ಯಾಟ್ ಫ್ಲೂ' ಎನ್ನುವ ವೈರಸ್ ನೆಗಡಿ. ಎಷ್ಟೋ ಬೆಕ್ಕುಗಳ ಮೈಯಲ್ಲಿ ಈ ವೈರಸ್ ಸದ್ದಿಲ್ಲದೆ ಇರುತ್ತದೆ. ಮನೆ ಬದಲಾದ ಗಾಬರಿಗೆ ಎದ್ದು ಕೂರುತ್ತದೆ. ಭೇದಿಗೆ ಕಾರಣ ಹುಡುಕುವುದೇ ಬೇಕಿರಲಿಲ್ಲ. ಬಂದ ದಿನದಿಂದ ತಟ್ಟೆ ತುಂಬ ಹಸುವಿನ ಹಾಲು ಇಟ್ಟಿದ್ದರು. ಬೆಳೆದ ಬೆಕ್ಕುಗಳ ಹೊಟ್ಟೆಗೆ ಅನೇಕ ವೇಳೆ ಅದು ಆಗುವುದಿಲ್ಲ.

"ಮನೇಲಿ ಏನಾದ್ರೂ ಔಷಧಿ ಹಾಕಿದ್ರಾ?" ಎಂದು ಕೇಳಿದೆ. ಮಕ್ಕಳ ಜ್ವರದ ಸಿರಪ್ಪನ್ನು ಬೆಕ್ಕಿಗೆ ಕುಡಿಸಿ ಕೊಂದವರನ್ನು ಕಂಡಿದ್ದೇನೆ. ಅಂಥವರಿಗೆ ನಾನು ಬೈಯುವುದು ಸುತ್ತಮುತ್ತ ಹಳ್ಳಿಗೆಲ್ಲ ಗೊತ್ತು.

"ಅಯ್ಯೋ ಇಲ್ಲ ಕಣ್ರೀ. ಒಂದು ಮಾತ್ರೆನೂ ಹಾಕಿಲ್ಲ. ನೀವು ಬೈತೀರಾ ಅಂತ ನೇರ ಇಲ್ಲಿಗೇ ತಂದೆ."

ಒಳ್ಳೆಯದು ಮಾಡಿದಿರಿ ಎಂದೆ. ಒಣಗಿದ ಮೈಗೆ ಚರ್ಮದಡಿ ಸಲೈನ್ ಕೊಟ್ಟು, ಬ್ಯಾಕ್ಟೀರಿಯಾ ಸೇರಿಕೊಳ್ಳದಂತೆ ಆ್ಯಂಟಿಬಯಾಟಿಕ್ ಹಾಕಿ, ಮುಂದಿನ ದಿನಗಳಿಗೂ ಔಷಧಿ ಕೊಟ್ಟೆ. ಹಾಲು ನಿಲ್ಲಿಸಿ, ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೂಗು ಒರೆಸಿ, ಬಚ್ಚಲುಮನೆಯ ಹಬೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ ಎಂದೆ. ಮೂಗು ಕಟ್ಟಿದ ಬೆಕ್ಕು ವಾಸನೆ ಸಿಗದೆ ಊಟ ಬಿಡುತ್ತದೆ, ಗಾಢ ವಾಸನೆ ಬರುವ ಬೇಯಿಸಿದ ಮೊಟ್ಟೆ ಕೊಟ್ಟರೆ ಒಳ್ಳೆಯದು ಎಂದೆ. ಬಸವರಾಜು ಬಾಗಿಲ ಹೊರಗಿನಿಂದಲೇ ಹೇಳಿದರು. "ನಮ್ಮನೇಗೆ ಮೊಟ್ಟೆ ತರಂಗಿಲ್ಲ ಮೇಡಂ." ಕೊರಳಲ್ಲಿ ಲಿಂಗವಿದ್ದ ಮನುಷ್ಯ, ನಾನು ಒತ್ತಾಯ ಮಾಡಲಿಲ್ಲ. ಮೊಸರನ್ನವನ್ನೇ ಮೆತ್ತಗೆ ಕಲಸಿ ಕೊಡಿ ಎಂದು ಕಳಿಸಿದೆ.

ಆ ವಾರದ ಕೊನೆಗೆ ಬಸವರಾಜು ಫೋನ್ ಮಾಡಿದರು. "ಮೇಡಂ, ಅದರ ಉಸಿರು ಯಾಕೋ ಸರಿಯಿಲ್ಲ. ಹೊಟ್ಟೆ ಎತ್ತೆತ್ತಿ ಹಾಕ್ತೈತೆ. ಇವ್ಳು ಊಟ ಬುಟ್ಟು ಅದ್ರ ಮುಂದೇ ಕೂತವ್ಳೆ. ಒಂದ್ಸಲ ಬಂದೋಗಿ."

ನಾನು ಹೋದಾಗ ಮನೆಯ ನಡುವಿನಂಗಳದಲ್ಲಿ, ಅಟ್ಟದ ಏಣಿಯ ಕೆಳಗೆ, ಗೋಣಿಚೀಲದ ಮೇಲೆ ಬೆಕ್ಕು ಕತ್ತು ಚಾಚಿ ಮಲಗಿತ್ತು. ಬಾಯಿ ತೆರೆದೇ ಉಸಿರಾಡುತ್ತಿತ್ತು. ಬೆಕ್ಕು ನಾಯಿಯ ಹಾಗೆ ಬಾಯಲ್ಲಿ ಉಸಿರಾಡಿದರೆ ಅಪಾಯ ಹತ್ತಿರವಿದೆ ಎಂದೇ ಅರ್ಥ. ಒಸಡು ಎತ್ತಿ ನೋಡಿದರೆ ನೀಲಿಗಟ್ಟಿತ್ತು. ಸ್ಟೆತಸ್ಕೋಪ್ ಇಟ್ಟರೆ ಎದೆಯ ಎರಡೂ ಕಡೆ ಒಣಗರಿ ತುಳಿದಂಥ ಸದ್ದು. ನ್ಯುಮೋನಿಯಾ. ಆದರೆ ಬೆಳೆದ, ಗಟ್ಟಿಮುಟ್ಟಾದ ಬೆಕ್ಕಿಗೆ ಬರಿಯ ನೆಗಡಿ ಇಷ್ಟು ಬೇಗ ಶ್ವಾಸಕೋಶಕ್ಕೆ ಇಳಿದದ್ದು ನನಗೆ ಒಗಟಾಯಿತು. ಕೊಟ್ಟ ಔಷಧಿ ತಪ್ಪದೆ ಹಾಕಿದ್ದರು. ಹಾಲು ನಿಲ್ಲಿಸಿದ್ದರು. ಮತ್ತೇನು?

ತಿರುಗಿ ನೋಡಿದೆ. ಸರೋಜಮ್ಮ ನೆಲದ ಮೇಲೆ ಕಾಲು ನೀಡಿ ಕೂತು, ಹಸುಗೂಸಿಗೆ ಎಣ್ಣೆ ಹಚ್ಚುವಾಗ ಮಲಗಿಸುವಂತೆಯೇ, ಮರಿಯನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡಿದ್ದರು. ಕೈಯಲ್ಲಿ ಬೆಳ್ಳಿಯ ಒಳಲೆ, ಎಳೆಗೂಸಿಗೆ ಹಾಲು ಕುಡಿಸುವ ಮೂತಿ ಇರುವ ಆ ಪುಟ್ಟ ಬಟ್ಟಲು. ಮೂತಿ ಮರಿಯ ಮೂಗಿನ ಹತ್ತಿರ ಬಂದಿತ್ತು.

"ಅದೇನ್ರೀ ಅದು? ತಡೀರಿ," ಎಂದು ಕೈ ಹಿಡಿದೆ.

"ಎಣ್ಣೆ ಕಣ್ರೀ. ನಮ್ಮನೆ ಕೊಬ್ಬರೀದೇ. ಬೆಚ್ಚಗೆ ಮಾಡಿ ಮೂಗಿಗೆ ಎರಡು ತೊಟ್ಟು, ಹೊಟ್ಟೆ ತಣ್ಣಗಿರ್ಲಿ ಅಂತ ಬಾಯಿಗೆ ಒಂದು ಒಳಲೆ. ತಾಯಿಗೆ ಬಂದಾಗಿಂದ ಮೂರು ಹೊತ್ತೂ ಹಾಕ್ತಾ ಇವ್ನಿ. ಮರಿಗೆ ಇವತ್ತಿಂದ ಶುರು ಮಾಡಾನ ಅಂತ."

"ಏನೂ ಹಾಕಿಲ್ಲ ಅಂದ್ರಲ್ಲ ಅವತ್ತು?"

"ಔಷಧಿ ಹಾಕಿಲ್ಲ ಅಂದೆ. ಎಣ್ಣೆ ಔಷಧೀನಾ?"

ಆಕೆ ಸುಳ್ಳು ಹೇಳಿರಲಿಲ್ಲ. ಈ ಸೀಮೆಯಲ್ಲಿ ಮಗು ಹುಟ್ಟಿದರೆ ನೆತ್ತಿಗೆ, ಹೊಕ್ಕುಳಿಗೆ, ಮೂಗಿಗೆ, ಕಿವಿಗೆ ಎಣ್ಣೆ. ಹಸು ಹೊಟ್ಟೆ ಉಬ್ಬರಿಸಿದರೆ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಎಣ್ಣೆ. ಅದನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀರು ಕೊಟ್ಟೆ ಎಂದು ವೈದ್ಯರಿಗೆ ಯಾರು ಹೇಳುತ್ತಾರೆ?

ಆದರೆ ಬೆಕ್ಕಿನ ಗಂಟಲಿಗೆ ಎಣ್ಣೆ ಬೇರೆಯೇ ವಸ್ತು. ನೀರು ಶ್ವಾಸನಾಳಕ್ಕೆ ಹೋದರೆ ಕೆಮ್ಮು ಬಂದು ಅದನ್ನು ಹೊರಗೆ ತಳ್ಳುತ್ತದೆ. ಎಣ್ಣೆ ನುಣುಪು, ಕೆಮ್ಮನ್ನು ಎಬ್ಬಿಸದೆಯೇ ಜಾರಿ ಶ್ವಾಸಕೋಶ ಸೇರುತ್ತದೆ. ಮೂಗು ಕಟ್ಟಿ ಬಾಯಲ್ಲಿ ಉಸಿರೆಳೆಯುವ ಪ್ರಾಣಿಯನ್ನು ಅಂಗಾತ ಮಲಗಿಸಿ ಕುಡಿಸಿದರೆ ಕೇಳಲೇಬೇಡಿ. ಅಲ್ಲಿ ಸೇರಿದ ಎಣ್ಣೆಯನ್ನು ತೆಗೆಯುವ ಇಂಜೆಕ್ಷನ್ ಯಾವುದೂ ಇಲ್ಲ. ಇದಕ್ಕೆ ನಾವು 'ಲಿಪಿಡ್ ನ್ಯುಮೋನಿಯಾ' ಎನ್ನುತ್ತೇವೆ.

ನನ್ನ ಮುಖದಲ್ಲಿ ಬಸವರಾಜು ಏನನ್ನು ಓದಿದರೋ. ಪಕ್ಕಕ್ಕೆ ಬಂದು ಮೆಲ್ಲಗೆ, "ಬುಡಿ ಮೇಡಂ. ಅದಕ್ಕೆ ಮೊದ್ಲೇ ಜಡ್ಡಿತ್ತು ಅಂದ್ಬುಡಿ," ಎಂದರು. ಅವರ ಕಣ್ಣು ಬೇಡಿಕೊಳ್ಳುತ್ತಿತ್ತು. ಅಷ್ಟು ತಿಂಗಳು ಕೊಲೆಗಾರ ಎನ್ನಿಸಿಕೊಂಡ ಮನುಷ್ಯ, ಹೆಂಡತಿಯ ಮೇಲೆ ಅದೇ ಮಾತು ಬೀಳದಿರಲಿ ಎಂದು ನನ್ನ ಮುಂದೆ ಕೈಕಟ್ಟಿ ನಿಂತಿದ್ದರು. ಸುಮ್ಮನಿದ್ದುಬಿಡಲೇ ಎನ್ನಿಸಿದ್ದೂ ನಿಜ. ಆದರೆ ಮರಿ ಇನ್ನೂ ಆಕೆಯ ಕಾಲ ಮೇಲಿತ್ತು, ಒಳಲೆ ಇನ್ನೂ ತುಂಬಿತ್ತು. ನಾನು ಹೇಳದೆ ಹೊರಟಿದ್ದರೆ ಆಕೆ ಮರಿಗೆ ಇನ್ನಷ್ಟು ಅಕ್ಕರೆಯಿಂದ ಅದೇ ಎಣ್ಣೆ ಹಾಕುತ್ತಿದ್ದರು.

ಹೇಳಿದೆ. ಮೆತ್ತಗೆ, ಆದರೆ ಬೇರೆ ಅರ್ಥಕ್ಕೆ ಜಾಗವಿರದ ಹಾಗೆ ಹೇಳಿದೆ: ಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ, ತಾಯಿ ಉಳಿಯುವುದಿಲ್ಲ, ಮರಿಗೆ ಒಂದು ತೊಟ್ಟೂ ಹಾಕಬೇಡಿ.

ಸರೋಜಮ್ಮ ಅಳಲಿಲ್ಲ. ಒಳಲೆಯನ್ನು ನೆಲಕ್ಕಿಟ್ಟು ಅದನ್ನೇ ನೋಡುತ್ತ ಕೂತರು. "ಇದ್ರಲ್ಲೇ ಎರಡು ಮಕ್ಳನ್ನ ಸಾಕಿದೀನಿ ಕಣ್ರೀ," ಎಂದರು. ಒಳಲೆಯನ್ನು ಬೆರಳಿಂದ ದೂರ ತಳ್ಳಿ, "ಹಂಗಾರೆ ಇದುನ್ನ ಕೊಂದಿದ್ದು ನಾನು."

"ಯಾರೂ ಕೊಂದಿಲ್ಲ. ಗೊತ್ತಿಲ್ದೆ ಆಗೋಯ್ತು, ಸುಮ್ನಿರು," ಎಂದರು ಬಸವರಾಜು.

ಆಕೆ ಗಂಡನ ಕಡೆ ತಿರುಗಿದರು. "ನೀವು ಪಾಷಾಣ ಇಟ್ಟಾಗ ನಾನು ನಿಮ್ಗೆ ಹಿಂಗೆ ಅನ್ಲಿಲ್ಲ."

ತಾಯಿ ಬೆಕ್ಕಿಗೆ ನನ್ನ ಕೈಲಾದದ್ದೆಲ್ಲ ಮಾಡಿದೆ. ಆಕ್ಸಿಜನ್ ಇಡುವಷ್ಟು ದೊಡ್ಡ ಆಸ್ಪತ್ರೆ ನಮ್ಮದಾಗಿರಲಿಲ್ಲ. ಊರೂರು ದಾಟಿಸಿ ಒಯ್ಯುವ ಸ್ಥಿತಿಯಲ್ಲಿ ಬೆಕ್ಕೂ ಇರಲಿಲ್ಲ. ಹೊತ್ತು ಮುಳುಗುವ ಮುಂಚೆ ಸತ್ತಿತು. ಕೊನೆಗೆ ಬಹಳ ಒದ್ದಾಡಿತು, ಅದನ್ನು ಬರೆಯಲು ಮನಸ್ಸು ಬಾರದು. ಹಿಂದಿನ ಬೆಕ್ಕನ್ನು ಹೂತ ತೆಂಗಿನ ಮರದ ಬುಡದಲ್ಲೇ ಬಸವರಾಜು ಗುಂಡಿ ತೋಡಿದರು.

ಮರಿಗೆ ಇದ್ದದ್ದು ಬರಿಯ ನೆಗಡಿ. ಆದರೆ ತಾಯಿಯೂ ಇಲ್ಲದೆ, ವಾಸನೆಯೂ ಸಿಗದೆ ಅದು ಏನನ್ನೂ ಮುಟ್ಟುತ್ತಿರಲಿಲ್ಲ. ಮರುದಿನ ನೋಡಲು ಹೋದಾಗ ಬಸವರಾಜು ತೋಟದ ಪಂಪ್‌ಹೌಸಿನಲ್ಲಿ ಕೂತು, ಬೇಯಿಸಿದ ಮೊಟ್ಟೆಯನ್ನು ಅಡಿಕೆಹಾಳೆಯ ಮೇಲೆ ಪುಡಿಮಾಡಿ ಮರಿಯ ಮೂತಿಗೆ ಹಿಡಿಯುತ್ತಿದ್ದರು. ಮುಖ ಅತ್ತ ತಿರುಗಿಸಿಕೊಂಡಿದ್ದರು. "ಮನೆ ಒಳಕ್ಕಂತೂ ತಂದಿಲ್ಲ ಮೇಡಂ," ಎಂದರು. ಮರಿ ಮೂಸಿತು, ನೆಕ್ಕಿತು, ತಿಂದಿತು. ಉಳಿಯಿತು.

ಅಂದಿನಿಂದ ನಾನು "ಔಷಧಿ ಏನಾದರೂ ಕೊಟ್ಟಿರಾ" ಎಂದು ಕೇಳುವುದನ್ನು ಬಿಟ್ಟೆ. "ಮೂಗಿಗೆ, ಬಾಯಿಗೆ, ಮೈಗೆ ಏನೇನು ಹಾಕಿದಿರಿ, ಎಣ್ಣೆಯಿಂದ ಶುರುಮಾಡಿ ಹೇಳಿ" ಎನ್ನುತ್ತೇನೆ. ಜನ ನಗುತ್ತಾರೆ, ಆಮೇಲೆ ಹೇಳುತ್ತಾರೆ. ಮನೆಯವರು ಯಾವುದನ್ನು ಔಷಧಿ ಎಂದು ಕರೆಯುವುದಿಲ್ಲವೋ ಅದನ್ನೇ ಮೊದಲು ಕೇಳಬೇಕು. ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಗದ ಈ ಪಾಠವನ್ನು ಕಲಿಸಿದ್ದು ಆ ಮನೆ.

ಮುಂದೆ ಅವರ ಹಸು ಕರು ಹಾಕಲು ಕಷ್ಟಪಟ್ಟಾಗ ಮತ್ತೆ ಹೋಗಿದ್ದೆ. ಮರಿ ದೊಡ್ಡದಾಗಿ ಅಟ್ಟದ ಏಣಿಯ ಮೇಲೆ ಮೀಸೆ ತಿದ್ದುತ್ತ ಕೂತಿತ್ತು. ಇಲಿಕಾಟವಿಲ್ಲ, ಪಾಷಾಣದ ಮಾತೂ ಇಲ್ಲ ಎಂದರು ಬಸವರಾಜು. ಕೆಲಸ ಮುಗಿಸಿ ಕೈ ತೊಳೆಯುವಾಗ ಬೆಕ್ಕು ಇಳಿದು ಬಂದು ಸರೋಜಮ್ಮನ ಕಾಲಿಗೆ ಮೈ ಉಜ್ಜಿತು. ಆಕೆ ಕಲ್ಲಿನಂತೆ ನಿಂತರು.

"ಅನ್ನ ಹಾಕೋದೆಲ್ಲ ಇವ್ರೇ. ನಾನು ಮುಟ್ಟಲ್ಲ," ಎಂದರು.

"ತಲೆ ಸವರಿ ಸರೋಜಮ್ಮ. ಸವರಿದರೆ ಏನೂ ಆಗಲ್ಲ."

ಆಕೆ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದರು. ಸೆರಗಿನಲ್ಲಿ ಒರೆಸಿಕೊಂಡು, ಎಣ್ಣೆಯ ವಾಸನೆ ಹುಡುಕುವಂತೆ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿದರು. ಮತ್ತೆ ತೊಳೆದರು. ಬೆಕ್ಕು ಕಾಯುತ್ತಲೇ ಇತ್ತು. ಆಕೆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ನನಗೆ ಕಾಫಿ ತರುತ್ತೇನೆಂದು ಒಳಗೆ ಹೋದರು.